ಆರೂಕಾಲಿಗೆ ಅಂಟಿಕೊಂಡ ಮಾಪಕ ಮಹಾಶಯರಿಗೆ

ವಿಷಯ: ಹುದುಗಿ ಮುಗಿದ ಬಿಯರಿನಲ್ಲಿ ಇಲ್ಲದ ಸಕ್ಕರೆಯನ್ನು ತಾವು ಒಂಬತ್ತು ದಿನ ಸತತವಾಗಿ ಕಂಡ ಬಗ್ಗೆ.

ಉಲ್ಲೇಖ: ತಮ್ಮದೇ ಕೈಪಿಡಿ, ಪುಟ ಹನ್ನೊಂದು, ಕೊನೆಯ ಸಾಲು.

ಮಾನ್ಯ ವಕ್ರೀಭವನ ಮಾಪಕ ಮಹಾಶಯರೇ,

ತಮಗೆ ಎರಡು ಹನಿ ನಮಸ್ಕಾರಗಳು. ಅದಕ್ಕಿಂತ ಹೆಚ್ಚು ತಮಗೆ ಬೇಕಾಗುವುದಿಲ್ಲವೆಂದು ತಮ್ಮ ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದರಿಂದ, ಮೂರನೆಯ ಹನಿ ಸೇರಿಸಿ ತಮ್ಮ ಗಾಜಿಗೆ ಮುಜುಗರ ಉಂಟುಮಾಡಲು ಇಷ್ಟವಿಲ್ಲ. ತಾವು ನಮ್ಮ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಸಾಬೂನಿನ ಪುಡಿಯ ಡಬ್ಬಕ್ಕೂ ಕ್ಲಿಪ್ಪುಗಳ ಬುಟ್ಟಿಗೂ ನಡುವೆ, ನೀಲಿ ಸ್ಪಂಜಿನ ಹಾಸಿಗೆಯ ಮೇಲೆ ಕ್ಷೇಮವಾಗಿ ಪವಡಿಸಿರುವಿರೆಂದು ನಂಬಿದ್ದೇನೆ. ನಾವೂ ಕ್ಷೇಮ, ಒಬ್ಬರ ಹೊರತು. ಆ ಒಬ್ಬರ ಸಲುವಾಗಿಯೇ ಈ ಪತ್ರ. ತಮಗೆ ಓದಲು ಬರುವುದಿಲ್ಲವೆಂಬುದು ಗೊತ್ತಿರುವುದರಿಂದ ಇದನ್ನು ನಮ್ಮ ಬಡಾವಣೆಯ ಮನೆಬಿಯರ್ ಬಳಗದ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರಕಟಿಸುತ್ತಿದ್ದೇನೆ. ಓದಬಲ್ಲವರು ತಮ್ಮ ಪರವಾಗಿ ಓದಿಕೊಳ್ಳಲಿ.

ಮೊದಲು ನನ್ನ ಪರಿಚಯ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಯಂತ್ರಗಳ ಜೊತೆ ಡಬ್ಬಿಯಲ್ಲಿ ಬರುವ ಕೈಪಿಡಿಗಳನ್ನು ಬರೆಯುವುದು ನನ್ನ ವೃತ್ತಿ. 'ಒದ್ದೆ ಕೈಯಿಂದ ಮುಟ್ಟಬಾರದು' ಎಂಬ ವಾಕ್ಯವನ್ನು ಹದಿನೆಂಟು ವರ್ಷಗಳಲ್ಲಿ ಕಡಿಮೆಯೆಂದರೂ ಇನ್ನೂರು ಸಲ ಬರೆದಿದ್ದೇನೆ. ಇದನ್ನು ಯಾರೂ ಓದುವುದಿಲ್ಲವೆಂದು ಊಟಕ್ಕೆ ಕೂತಾಗಲೆಲ್ಲ ಗೊಣಗಿದ್ದೇನೆ. ಓದಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಗುತ್ತದೆ ಎಂಬುದನ್ನು ಅಲ್ಲಿ ನಾಲ್ಕು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಯಾಕೆ ಬಾಗುತ್ತದೆ, ಎಷ್ಟು ಬಾಗಿದರೆ ಏನರ್ಥ ಎಂದು ಕೇಳುವ ಹುಡುಗಿ ನಾನಾಗಿರಲಿಲ್ಲ. ಅಚ್ಚಾದ ಅಂಕಿಗೆ ಆಡಿದ ಮಾತಿಗಿಂತ ತೂಕ ಹೆಚ್ಚು ಎಂಬುದೊಂದನ್ನು ಮಾತ್ರ ಯಾರೂ ಹೇಳಿಕೊಡದೆ ಕಲಿತುಕೊಂಡೆ.

ಇನ್ನು ತಾವು ಯಾರ ಮನೆಗೆ ಬಂದಿರಿ ಎಂಬುದನ್ನೂ ತಿಳಿಸಬೇಕು. ಬಟ್ಟೆಯ ಕೋಣೆಯಲ್ಲಿ ಬಿಯರ್ ತಯಾರಿಸುವವರು ನನ್ನ ಅತ್ತೆ. ಎಪ್ಪತ್ತೊಂದು ವರ್ಷ. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೂತು ಪರರ ರಕ್ತ, ಮೂತ್ರ, ಕಫಗಳನ್ನು ಅಳೆದವರು. ಜೊತೆಯವರು ಅವರನ್ನು 'ಮಿಲ್ಲಿ' ಎಂದು ಕರೆಯುತ್ತಿದ್ದರು, ಏಕೆಂದರೆ ಮಿಲ್ಲಿಮೀಟರಿನ ವಿಷಯದಲ್ಲಿ ಅವರು ಹೆತ್ತಮ್ಮನನ್ನೂ ಕ್ಷಮಿಸುತ್ತಿರಲಿಲ್ಲವಂತೆ. 'ಸುಮಾರು' ಎಂಬ ಪದ ಅವರ ಮೇಜಿನ ಸುತ್ತ ನಿಷಿದ್ಧವಾಗಿತ್ತು. ನಮ್ಮ ಮದುವೆಯ ಹೊಸತರಲ್ಲಿ ನಾನು ಒಮ್ಮೆ 'ಸುಮಾರು ಎಂಟು ಗಂಟೆಗೆ ಬರ್ತೀನಿ ಅತ್ತೆ' ಎಂದು ಫೋನಿನಲ್ಲಿ ಹೇಳಿದ್ದಕ್ಕೆ, 'ಸುಮಾರು ಅಂದ್ರೆ ಎಂಟಕ್ಕೆ ಮುಂಚೆನಾ, ಆಮೇಲಾ? ಅನ್ನ ಯಾವಾಗ ಇಡ್ಲಿ?' ಎಂದು ಕೇಳಿ, ಉತ್ತರ ಬರುವವರೆಗೆ ಫೋನು ಇಡಲಿಲ್ಲ.

ನಿವೃತ್ತರಾದ ಮೇಲೆ ಅವರು ಮೊಳಕೆ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿ ಕಷಾಯ ತೆಗೆದು, ಯೀಸ್ಟ್ ಹಾಕಿ, ಇಪ್ಪತ್ತು ಲೀಟರಿನ ಬಿಳಿಯ ಡ್ರಮ್ಮಿನಲ್ಲಿ ಮುಚ್ಚಿಟ್ಟು, ಅದು ಗುಳುಗುಳು ಎನ್ನುವುದನ್ನು ಸ್ಟೂಲಿನ ಮೇಲೆ ಕೂತು ಕೇಳುವ ಅಭ್ಯಾಸ ಮಾಡಿಕೊಂಡರು. ಅಳತೆಗೆ ಅವರಲ್ಲಿದ್ದುದು ಗಾಜಿನ ಒಂದು ತೇಲುಕಡ್ಡಿ. ಎತ್ತರದ ಜಾಡಿಗೆ ಬಿಯರ್ ತುಂಬಿ ಕಡ್ಡಿಯನ್ನು ಇಳಿಬಿಟ್ಟರೆ, ಸಕ್ಕರೆ ಹೆಚ್ಚಿದ್ದಾಗ ಅದು ಎದ್ದು ನಿಲ್ಲುತ್ತದೆ, ಸಕ್ಕರೆ ಕರಗಿ ಮದ್ಯವಾದಂತೆ ಮುಳುಗುತ್ತದೆ. ನೀರಿನಲ್ಲಿ ಅದು ತೋರಿಸುವುದು ಸೊನ್ನೆ, ಹೊಸ ಕಷಾಯದಲ್ಲಿ ನಲವತ್ತೆಂಟು, ಮುಗಿದ ಬಿಯರಿನಲ್ಲಿ ಹತ್ತು. ಇದು ದುಂದುಗಾರ ವಿಧಾನ, ಪ್ರತಿ ಅಳತೆಗೂ ಒಂದು ದೊಡ್ಡ ಲೋಟದಷ್ಟು ಬಿಯರ್ ಬೇಕು. ಅಳೆದದ್ದನ್ನು ಮತ್ತೆ ಡ್ರಮ್ಮಿಗೆ ಸುರಿಯುವಂತಿಲ್ಲ, ಚೆಲ್ಲಲು ಅತ್ತೆಗೆ ಮನಸ್ಸಿಲ್ಲ. ಹಾಗಾಗಿ ಅವರೂ ನಾನೂ ಅದನ್ನು ಎರಡು ಲೋಟಕ್ಕೆ ಹಂಚಿಕೊಂಡು, ಒಗೆಯುವ ಯಂತ್ರಕ್ಕೆ ಒರಗಿ ನಿಂತು, ಗಂಟಲಿಗೆ ಇಳಿಸುತ್ತಿದ್ದೆವು. ವಾರಕ್ಕೊಮ್ಮೆ ಕಾಲು ಗಂಟೆ. ನಮ್ಮಿಬ್ಬರ ನಡುವೆ ಹೇಳಬೇಕಾದ ಮಾತುಗಳೆಲ್ಲ ಆ ಕಾಲು ಗಂಟೆಯಲ್ಲೇ ಆಗುತ್ತಿದ್ದವೆಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದೆವು. ಆಮೇಲೆ ಅವರು ಜಾಡಿಯನ್ನು ಕಿಟಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ಇಳಿಸಿ, ಕಡ್ಡಿಯನ್ನು ಓದುವುದು ನೋಡಿ ನನಗೆ ಸಂಕಟವಾಯಿತು. ಸಂಕಟವೋ, ಅವಸರವೋ? ಈ ಪ್ರಶ್ನೆಯನ್ನು ಐದು ವಾರಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಅವರಿಗೆ ಸುಲಭವಾಗಲಿ ಎಂದು ತಮ್ಮನ್ನು ತರಿಸಿದೆನೋ, ಮನೆಯಲ್ಲಿ ಕೊನೆಯ ಅಂಕಿ ಹೇಳುವವಳು ಒಂದು ಸಲವಾದರೂ ನಾನಾಗಲಿ ಎಂದು ತರಿಸಿದೆನೋ, ಖಚಿತವಾಗಿ ಹೇಳಲಾರೆ. ಅಂತೂ ತಾವು ಬಂದಿರಿ. ಗೇಣುದ್ದದ ಲೋಹದ ಮೈ, ಒಂದು ತುದಿಯಲ್ಲಿ ಓರೆಗಾಜು, ಇನ್ನೊಂದು ತುದಿಯಲ್ಲಿ ಕಣ್ಣಿಡಲು ರಬ್ಬರಿನ ಬಟ್ಟಲು. ಎರಡು ಹನಿ ಹಾಕಿ ಬೆಳಕಿನತ್ತ ಹಿಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಕೂದಲೆಳೆಯಂಥ ಗೆರೆ. ಅಷ್ಟು ಸ್ಪಷ್ಟವಾದ ಗೆರೆಯನ್ನು ನಾನು ಬದುಕಿನಲ್ಲಿ ಬೇರೆಲ್ಲೂ ಕಂಡಿಲ್ಲ.

ತಾವು ಹೇಳುವ ಅಂಕಿ ಬೇರೆ ಜಾತಿಯದು, ಬ್ರಿಕ್ಸ್ ಎಂದು ಅದರ ಹೆಸರು. ಅದನ್ನು ನಾಲ್ಕರಿಂದ ಗುಣಿಸಿದರೆ ಅತ್ತೆಯ ಕಡ್ಡಿಯ ಅಂಕಿ ಸಿಗುತ್ತದೆಂದು ಬಳಗದವರೆಲ್ಲ ಬಲ್ಲರು. ಮೊದಲ ದಿನ ಹೊಸ ಕಷಾಯದಲ್ಲಿ ತಾವು ಹನ್ನೆರಡು ಎಂದಿರಿ, ಕಡ್ಡಿ ನಲವತ್ತೆಂಟು ಎಂದಿತು. ಹನ್ನೆರಡು ನಾಲ್ಕಲಿ ನಲವತ್ತೆಂಟು! ಅತ್ತೆ ತಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಪರವಾಗಿಲ್ಲ, ಕಲಿತಿದಾನೆ' ಎಂದರು. ಅವರ ಬಾಯಿಂದ ಅಷ್ಟು ದೊಡ್ಡ ಪ್ರಶಸ್ತಿ ಅವರ ಮಗನಿಗೂ ಸಿಕ್ಕಿಲ್ಲ. ಎರಡು ಹನಿಯಲ್ಲೇ ಕೆಲಸ ಮುಗಿಯುವುದರಿಂದ ಅಂದಿನಿಂದ ಲೋಟಗಳನ್ನು ತೊಳೆಯುವ ಶ್ರಮವೂ ತಪ್ಪಿತು. ಈ ಉಳಿತಾಯಕ್ಕಾಗಿ ತಮಗೆ ಪ್ರತ್ಯೇಕವಾಗಿ ಕೃತಜ್ಞಳು.

ಹತ್ತನೆಯ ದಿನ ತಮ್ಮ ಪ್ರತಿಭೆ ಪೂರ್ಣವಾಗಿ ಅರಳಿತು. ಡ್ರಮ್ಮು ಸುಮ್ಮನಾಗಿತ್ತು. ಹನ್ನೆರಡನೆಯ ದಿನ ಅತ್ತೆ ಕಡ್ಡಿ ಇಳಿಬಿಟ್ಟು ನೋಡಿ, 'ಮೂರು ದಿನದಿಂದ ಹತ್ತೇ. ಮುಗೀತು. ಬಾಟ್ಲಿ ತೊಳಿಯೋಣ' ಎಂದರು. ನಾನು ತಮ್ಮೊಳಗೆ ಕಣ್ಣಿಟ್ಟೆ. ತಾವು ಮೂರು ದಿನವೂ ಆರೂಕಾಲು ಎಂದಿರಿ. ಆರೂಕಾಲು ನಾಲ್ಕಲಿ ಇಪ್ಪತ್ತೈದು. ಇಪ್ಪತ್ತೈದಿದ್ದರೆ ಅರ್ಧಕ್ಕರ್ಧ ಸಕ್ಕರೆ ಇನ್ನೂ ಹಾಗೆಯೇ ಉಳಿದಿದೆ, ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಒಳಗೇ ಹುದುಗಿ ಗಾಜು ಸಿಡಿಯುತ್ತದೆ ಎಂದರ್ಥ. ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: 'ಅತ್ತೆ, ಆ ಕಡ್ಡಿಯ ಗೆರೆ ತುಂಬ ಸಣ್ಣ. ಬಿಡಿ, ನಾನು ನೋಡ್ತೀನಿ.' ಸಂಜೆ ಬಂದ ನನ್ನ ಗಂಡನ ಮುಂದೆ ವ್ಯಾಜ್ಯ ಇಟ್ಟೆವು. ಅವರು ಲಿಫ್ಟ್ ರಿಪೇರಿಯವರು, ಬೂಟು ಬಿಚ್ಚುತ್ತಾ, 'ನಮ್ಮಲ್ಲೂ ಹಿಂಗೇ. ಒಳಗಿನ ಬೋರ್ಡು ಐದು ಅಂತಿರುತ್ತೆ, ಹೊರಗಿಂದು ಆರು ಅಂತಿರುತ್ತೆ. ಜನ ಬಾಗಿಲು ತೆಗೆದ್ರೆ ಇಳ್ಕೊಂಡು ಹೋಗ್ತಾರಪ್ಪ' ಎಂದು ತೀರ್ಪಿತ್ತು ಸ್ನಾನಕ್ಕೆ ಹೋದರು.

ಎತ್ತು ಈಯಿತೆಂದು ತಾವು ಹೇಳಿದಿರಿ, ನಾನು ಕೊಟ್ಟಿಗೆಯಲ್ಲಿ ಕಟ್ಟಿದೆ. ಹುದುಗು ನಿಂತುಹೋಗಿದೆ ಎಂದು ತೀರ್ಮಾನಿಸಿ, ಡ್ರಮ್ಮಿಗೆ ಕಂಬಳಿ ಹೊದಿಸಿದೆ, ಅಡುಗೆಮನೆಯ ಬಿಸಿ ಗೋಡೆಗೆ ಆನಿಸಿದೆ, ಹೊಸ ಯೀಸ್ಟ್ ಎರಡು ಪೊಟ್ಟಣ ಹಾಕಿದೆ. ಅದೂ ಸಾಲದೆಂದು ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು, ಮುಗಿದ ಬಿಯರಿಗೆ ಗಾಳಿ ಸೋಕಬಾರದೆಂಬುದನ್ನು ಮರೆತು, ಉದ್ದ ಸೌಟಿನಿಂದ ತಿರುವಿದೆ. ಇಷ್ಟಾದರೂ ತಾವು ಒಂಬತ್ತು ದಿನ ಆರೂಕಾಲಿನಿಂದ ಕೂದಲಷ್ಟೂ ಕದಲಲಿಲ್ಲ. ಇಂಥ ಸ್ಥಿರಬುದ್ಧಿಯನ್ನು ನಾನು ನೆಂಟರಿಷ್ಟರಲ್ಲಿ ಕಂಡಿಲ್ಲ, ಮಂತ್ರಿಮಹೋದಯರಲ್ಲಿ ನಿರೀಕ್ಷಿಸುವುದೂ ಇಲ್ಲ.

ಕದಲಿದ್ದು ಅತ್ತೆ. ಆ ಒಂಬತ್ತರಲ್ಲಿ ಎರಡನೆಯ ದಿನ ಅವರು ಕಡ್ಡಿಯನ್ನು ಓದಿ ಅಂಕಿ ಹೇಳದೆ, 'ಎಷ್ಟಿದೆ, ನೀನೇ ಹೇಳು' ಎಂದರು. ನಾಲ್ಕನೆಯ ದಿನ ಕಣ್ಣಿನ ವೈದ್ಯರಲ್ಲಿಗೆ ಒಬ್ಬರೇ ಹೋಗಿಬಂದರು. ಕಣ್ಣು ಚೆನ್ನಾಗಿದೆ, ಕೊನೆಯ ಸಾಲಿನವರೆಗೂ ಓದುತ್ತೀರಿ ಎಂದು ವೈದ್ಯರು ಹೇಳಿದರಂತೆ. 'ಪಾಪ, ಆ ಡಾಕ್ಟ್ರಿಗೂ ವಯಸ್ಸಾಯ್ತು' ಎಂದು ಅತ್ತೆ ಚಪ್ಪಲಿ ಬಿಟ್ಟರು. ಆರನೆಯ ದಿನ ಜಾಡಿಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, 'ಹದಿನೈದು ಇರಬಹುದೇನೋ' ಎಂದರು. ಮಹಾಶಯರೇ, ಮೂವತ್ತೊಂದು ವರ್ಷ 'ಸುಮಾರು' ಎಂಬುದನ್ನು ಹೊಸಿಲು ದಾಟಲು ಬಿಡದ ಹೆಂಗಸು 'ಇರಬಹುದೇನೋ' ಎಂದರು. ಕಡ್ಡಿ ಅಂದೂ ಹತ್ತನ್ನೇ ತೋರಿಸುತ್ತಿತ್ತು ಎಂಬುದರಲ್ಲಿ ಈಗ ನನಗೆ ಸಂಶಯವಿಲ್ಲ. ಅವರು ಕಂಡದ್ದನ್ನು ಹೇಳಲಿಲ್ಲ. ತಮ್ಮ ಅಂಕಿಯತ್ತ, ಅಂದರೆ ನನ್ನತ್ತ, ಐದು ಹೆಜ್ಜೆ ನಡೆದು ಬಂದರು.

ಒಂಬತ್ತನೆಯ ದಿನ, ಗುರುವಾರ, ಬಿಯರು ಮಳೆಗೆ ನೆನೆದ ರಟ್ಟಿನ ಡಬ್ಬದ ರುಚಿಗೆ ಬಂದಿತ್ತು. ಅತ್ತೆ ಡ್ರಮ್ಮಿನ ನಲ್ಲಿ ತಿರುಗಿಸಿ ಇಪ್ಪತ್ತು ಲೀಟರನ್ನೂ ಮೋರಿಗೆ ಬಿಟ್ಟು, ಕಡ್ಡಿಯನ್ನು ಹತ್ತಿಯಲ್ಲಿ ಸುತ್ತಿ, ಕಪಾಟಿನ ಮೇಲೆ ಸೂಟ್‌ಕೇಸುಗಳ ಹಿಂದೆ ಇಡಿಸಿದರು. ಇಡಿಸಿದ್ದು ನನ್ನ ಕೈಯಿಂದಲೇ.

ಶುಕ್ರವಾರ ಕಚೇರಿಯಲ್ಲಿ ಹಬೆ ಇಸ್ತ್ರಿಪೆಟ್ಟಿಗೆಯೊಂದರ ಕೈಪಿಡಿ ಬರೆಯುತ್ತಿದ್ದೆ. ಎಚ್ಚರಿಕೆಗಳು ಮೊದಲ ಪುಟದಲ್ಲಿದ್ದರೆ ಗಿರಾಕಿ ಬೆದರುತ್ತಾನೆ, ಕೊನೆಗೆ ಹಾಕು ಎಂದು ನಮ್ಮ ಮೇಲ್ವಿಚಾರಕಿ ಹೇಳಿದರು. ಎಂದಿನಂತೆ ಹಾಕಿದೆ. ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಕೂತಾಗ, ತಮ್ಮ ಕೈಪಿಡಿಯ ಕೊನೆಯಲ್ಲಿ ಏನಿರಬಹುದು ಎಂಬ ಯೋಚನೆ ಬಂತು. ಮನೆಗೆ ಬಂದೊಡನೆ ಅದನ್ನು ತೆರೆದೆ. ಹನ್ನೊಂದನೆಯ ಪುಟ, ಕೊನೆಯ ಸಾಲು, ಇರುವೆಯ ಕಾಲಿನಷ್ಟು ಅಕ್ಷರ: ಹುದುಗು ಆರಂಭವಾದ ನಂತರದ ಅಳತೆಗಳಿಗೆ ತಿದ್ದುಪಡಿ ಅಗತ್ಯ. ಸಕ್ಕರೆಯಂತೆ ಮದ್ಯವೂ ಬೆಳಕನ್ನು ಬಾಗಿಸುತ್ತದೆ. ತಾವು ಅಳೆಯುವುದು ಬಾಗಿದ ಬೆಳಕನ್ನೇ ಹೊರತು ಸಕ್ಕರೆಯನ್ನಲ್ಲ. ಬಾಗಿಸಿದವರು ಯಾರು ಎಂದು ತಾವು ಕೇಳುವುದೂ ಇಲ್ಲ. ತಿದ್ದುಪಡಿಯ ಸೂತ್ರ ಹುಡುಕಿ ಪೆನ್ಸಿಲು ಹಿಡಿದು ಕೂತೆ. ಮೊದಲು ಹನ್ನೆರಡು, ಆಮೇಲೆ ಆರೂಕಾಲು ಎಂದು ಕೊಟ್ಟರೆ ಉತ್ತರ ಬಂದದ್ದು ಹತ್ತು. ಒಂಬತ್ತೂವರೆಯಲ್ಲ, ಹತ್ತೂಕಾಲಲ್ಲ. ಹತ್ತು.

ಇಲ್ಲಿಯವರೆಗಿನದು ತಮ್ಮ ಮೇಲಿನ ದೂರು. ಮುಂದಿನದರಲ್ಲಿ ತಮ್ಮ ಪಾತ್ರವಿಲ್ಲ, ಆದರೂ ದಯವಿಟ್ಟು ಡಬ್ಬಿ ಮುಚ್ಚಿಕೊಳ್ಳಬೇಡಿ.

ಭಾನುವಾರ ಅತ್ತೆಯ ಹಳೆಯ ಪ್ರಯೋಗಾಲಯದ ಐವರು ಗೆಳತಿಯರು ಬಂದರು. ವರ್ಷಕ್ಕೊಮ್ಮೆ ಬರುತ್ತಾರೆ, ಅತ್ತೆಯ ಬಿಯರ್ ಕುಡಿದು, ಸತ್ತ ಡಾಕ್ಟರುಗಳನ್ನು ಬಯ್ದು ಹೋಗುತ್ತಾರೆ. ಈ ಸಲ ಮೇಜಿನ ಮೇಲೆ ಅಂಗಡಿಯ ಕ್ಯಾನುಗಳಿದ್ದವು. 'ಏನೇ ಮಿಲ್ಲಿ, ನಮಗೆ ಅಂಗಡೀದಾ?' ಎಂದು ಒಬ್ಬರು ಕೇಳಿದರು. ಅತ್ತೆ ಕ್ಯಾನಿನ ಕೊಂಡಿ ಎಳೆಯುತ್ತಾ ಹೇಳಿದರು: 'ಈ ಸಲ ನಂದು ಕೈಕೊಡ್ತು ಕಣ್ರೇ. ಇಪ್ಪತ್ತೈದು ಇದ್ದಿದ್ದನ್ನ ಹತ್ತು ಅಂತ ಓದಿದೆ. ಕಣ್ಣು ಹೋಯ್ತು. ಸದ್ಯ, ಸೊಸೆ ನೋಡಿದ್ಲು.' ಗೆಳತಿಯರಲ್ಲಿ ಯಾರೂ ನಗಲಿಲ್ಲ. 'ಇವಳ ಕಣ್ಣಿಗೆ ಹೆದ್ರಿ ನಾವು ಎಷ್ಟು ಸಲ ಮತ್ತೆ ಮತ್ತೆ ಸ್ಲೈಡ್ ಹಚ್ಚಿದೀವಿ' ಎಂದು ಒಬ್ಬರು ಮೆಲ್ಲಗೆ ಹೇಳಿ, ಮೇಜಿನ ಅಡಿಯಲ್ಲಿ ಅತ್ತೆಯ ಕೈ ಹಿಡಿದುಕೊಂಡರು. ಇನ್ನೊಬ್ಬರು ನನ್ನತ್ತ ತಿರುಗಿ, 'ನೀನಿದ್ದಿದ್ದು ಒಳ್ಳೇದಾಯ್ತಮ್ಮ' ಎಂದರು.

ಆಗ ನನ್ನ ಕೈಯಲ್ಲಿ ಹುರಿದ ಕಡಲೆಬೀಜದ ತಟ್ಟೆ ಇತ್ತು. ಪೆನ್ಸಿಲಿನಲ್ಲಿ ಹತ್ತು ಎಂದು ಬರೆದ ಚೀಟಿ ಜೇಬಿನಲ್ಲಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟು ನಕ್ಕು ಒಳಗೆ ಹೋದೆ. ಗೆಳತಿಯರ ಮುಂದೆ ಬೇಡ, ಅವರು ಹೋದ ಮೇಲೆ ಹೇಳೋಣ ಎಂದುಕೊಂಡೆ. ಅವರು ಹೋದ ಮೇಲೆ ಅತ್ತೆ ದಣಿದಿದ್ದರು. ಸೋಮವಾರ ನನಗೆ ಕೆಲಸವಿತ್ತು. ಹೀಗೆ ಐದು ವಾರ. ಡ್ರಮ್ಮು ಬೋರಲಾಗಿ ಅದರ ಮೇಲೆ ಮಡಿಚಿದ ಟವೆಲುಗಳು ಬಂದು ಕೂತವು. ಅತ್ತೆ ಔಷಧದ ಶೀಶೆಯ ಮೇಲಿನ ಬರಹವನ್ನೂ ನನ್ನಿಂದ ಓದಿಸತೊಡಗಿದರು, ಅನ್ನಕ್ಕೆ ನೀರು ಸಾಕೇ ಎಂದು ನನ್ನನ್ನು ಕರೆದು ಕೇಳತೊಡಗಿದರು. ತಪ್ಪು ಅಂಕಿ ಹೇಳಿದವರು ತಾವು, ಒಪ್ಪಿದೆ. ಸರಿಯಾದ ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡು ಕಡಲೆಬೀಜ ಹಂಚಿದವರು ತಾವಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದದ್ದು ಹೀಗೆ, ಮತ್ತು ಅದು ಬೇಗ ಮುಗಿಯಲೆಂದು ನಾನು ಬಯಸಲಿಲ್ಲವೇನೋ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ಮದ್ಯದ ವಾಸನೆ ಬಡಿದೊಡನೆ ತಾವು ಲಜ್ಜೆಯಿಂದ ಪೂರ್ತಿ ಕಪ್ಪಾಗಬೇಕು. ಸಾಧ್ಯವಾದರೆ ನೀಲಿ ಬಿಳಿಗಳ ನಡುವಿನ ಆ ಸುಂದರವಾದ ಗೆರೆಯ ಜಾಗದಲ್ಲಿ 'ನನಗೆ ಗೊತ್ತಿರುವುದು ಇಷ್ಟೇ' ಎಂಬ ವಾಕ್ಯ ಮೂಡಬೇಕು. ಬಿಡುವು ಮಾಡಿಕೊಂಡು ಆ ಐವರು ಗೆಳತಿಯರ ಮನೆಗಳಿಗೆ ಹೋಗಿ, ಅವರಲ್ಲಿ ಇಬ್ಬರಿಗೆ ಕಿವಿ ಮಂದವಾದ್ದರಿಂದ ತುಸು ಗಟ್ಟಿಯಾಗಿ, ಮಿಲ್ಲಿ ಓದಿದ್ದು ಸರಿ ಎಂದು ಹೇಳಿಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಅತ್ತೆಯೊಡನೆ 'ಬಿಡಿ, ನಾನು ನೋಡ್ತೀನಿ' ಎಂದಾಗ ನನ್ನ ದನಿಯಲ್ಲಿದ್ದುದು ಎಷ್ಟು ಕಾಳಜಿ, ಎಷ್ಟು ಗರ್ವ ಎಂಬುದನ್ನು ಬೇರ್ಪಡಿಸಿ ಕಾಲು ಅಂಕದ ನಿಖರತೆಯಲ್ಲಿ ತಿಳಿಸಬೇಕು. ಎರಡೂ ಬೆಳಕನ್ನು ಒಂದೇ ರೀತಿ ಬಾಗಿಸುವುದರಿಂದ ತಮಗೆ ಇದು ಕಷ್ಟವಾಗಬಹುದು.

ಕಷ್ಟವಾದರೆ ಚಿಂತೆಯಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ತಪ್ಪಾಗಿ ಪಾಲಿಸಿದೆ. ಪ್ರತ್ಯಕ್ಷ ಕಂಡವರನ್ನು ಪ್ರಮಾಣಿಸಿದೆ, ಪ್ರಮಾಣವನ್ನು ಪ್ರಮಾಣಿಸಲಿಲ್ಲ. ಈ ಪತ್ರಿಕೆಯ ಐದು ಪ್ರತಿಗಳನ್ನು ಆ ಐದು ಮನೆಗಳಿಗೆ ನಾನೇ ಕೊಂಡೊಯ್ದು ಕೊಡುತ್ತೇನೆ. ಅತ್ತೆ ಅಂದು ಓದಿದ್ದು ಹತ್ತು, ಇದ್ದದ್ದು ಹತ್ತು. ಅವರ ಕಣ್ಣಿಗೆ ಏನೂ ಆಗಿಲ್ಲ. ಇದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ.

ಸೂಕ್ತ ತಿದ್ದುಪಡಿಗಳಿಗೆ ಒಳಪಟ್ಟು ತಮ್ಮ ವಿಶ್ವಾಸಿ,
ಪುಟ ಹನ್ನೊಂದನ್ನು ಓದದ ಕೈಪಿಡಿ ಲೇಖಕಿ

ತಾ.ಕ.: ಪತ್ರಿಕೆಗೆ ಕಳಿಸುವ ಮೊದಲು ಈ ಪತ್ರವನ್ನು ಅತ್ತೆಯ ಮೇಜಿನ ಮೇಲಿಟ್ಟು ಕಚೇರಿಗೆ ಹೋಗಿದ್ದೆ. ಎದುರು ನಿಂತು ಹೇಳುವ ಧೈರ್ಯ ಆಗಲೂ ಬರಲಿಲ್ಲ. ಸಂಜೆ ಬಂದಾಗ ಅದು ನನ್ನ ದಿಂಬಿನ ಮೇಲಿತ್ತು, ಕೆಂಪು ಪೆನ್ಸಿಲಿನ ಗುರುತುಗಳೊಂದಿಗೆ. 'ಆರೂಕಾಲು' ಎಂಬುದರ ಪಕ್ಕ: 'ಯಾವ ಉಷ್ಣತೆಯಲ್ಲಿ?' 'ಒಂಬತ್ತು ದಿನ' ಎಂಬುದರ ಪಕ್ಕ: 'ದಿನಾ ಬರೀ ನೀರು ಹಾಕಿ ಸೊನ್ನೆ ನೋಡಿದ್ದೀಯಾ?' ಕಡಲೆಬೀಜದ ಪ್ಯಾರಾಕ್ಕೆ ಉದ್ದಕ್ಕೂ ಗೆರೆ ಎಳೆದು: 'ವರದಿಗೆ ಸಂಬಂಧಿಸಿಲ್ಲ. ತೆಗೆ.' ಅದನ್ನು ಮಾತ್ರ ಅವರ ಮಾತು ಮೀರಿ ಉಳಿಸಿಕೊಂಡಿದ್ದೇನೆ. ಎಲ್ಲದರ ಕೆಳಗೆ, ಮೂವತ್ತೊಂದು ವರ್ಷ ಕಿರಿಯರ ಕಾಗದಗಳ ಮೇಲೆ ಬರೆದ ಅದೇ ದುಂಡಕ್ಷರದಲ್ಲಿ: 'ವರದಿ ಅಪೂರ್ಣ. ಪರೀಕ್ಷೆಯನ್ನು ಮೊದಲಿನಿಂದ ಮಾಡಿ ತರುವುದು.' ಮೊದಲಿನಿಂದ ಎಂದರೆ ಇಪ್ಪತ್ತು ಲೀಟರು, ಹಾಗಾಗಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾರ್ಲಿ ನೆನೆಸುವುದೆಂದು ಅಪ್ಪಣೆಯಾಗಿದೆ. ಅಪ್ಪಣೆಯಂತೆ ಇಂದು ತಮ್ಮ ಗಾಜಿನ ಮೇಲೆ ಶುದ್ಧ ನೀರು ಹಾಕಿ ನೋಡಿದೆವು. ಐದು ವಾರ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದಕ್ಕೋ ಏನೋ, ಏನೂ ಇಲ್ಲದ ನೀರಿನಲ್ಲೂ ತಮಗೆ ಸಕ್ಕರೆ ಕಂಡಿತು. ತಮ್ಮ ನೆತ್ತಿಯ ಮೇಲೆ ಸೊನ್ನೆ ಸರಿಪಡಿಸುವ ಒಂದು ಸಣ್ಣ ತಿರುಪಿದೆಯಂತೆ, ಅತ್ತೆ ಅದಕ್ಕೆ ಒಪ್ಪುವ ಸ್ಕ್ರೂಡ್ರೈವರ್ ಹುಡುಕಿ ತಂದಿದ್ದಾರೆ. ತಾವು ಗಾಬರಿಯಾಗಬಾರದು. ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ.